ಎರಡನೇ ಸೆಟ್ ಮುಗಿದಾಗ

ಅಣ್ಣಿಗೇರಿಯ ನಮ್ಮ ಶಾಲೆಯ ಬಯಲಿನಲ್ಲಿ ಮೊನ್ನೆ ಸಂಜೆ ನಾಲ್ವರು ಹುಡುಗಿಯರು ಶಟಲ್ ಆಡುತ್ತಿದ್ದರು. ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗವೇ ನೆಟ್. ಕಾಕ್ ಇಬ್ಬರ ನಡುವೆ ಇಳಿದಾಗ ಒಬ್ಬಳು "ನಂದು" ಎಂದು ಕೂಗಿದಳು, ಇನ್ನೊಬ್ಬಳು ಸುಮ್ಮನೆ ಪಕ್ಕಕ್ಕೆ ಸರಿದಳು. ಕೊರಳಲ್ಲಿ ಸೀಟಿ ಹಾಕಿಕೊಂಡು ನಿಂತಿದ್ದ ದೈಹಿಕ ಶಿಕ್ಷಕನಾದ ನಾನು ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಜೋಡಿ ಆಟ ನಿಂತಿರುವುದೇ ಆ ಒಂದು ಮಾತಿನ ಮೇಲೆ. ಜೊತೆಗಾರ ಹೇಳಿದ್ದನ್ನು ನಂಬಿ ಸರಿಯಬೇಕು. ನಿಜವೋ ಸುಳ್ಳೋ ಎಂದು ತಿರುಗಿ ನೋಡುವಷ್ಟು ಹೊತ್ತು ಇರುವುದಿಲ್ಲ.

ಈ ಹೊಟ್ಟೆ ನೋಡಿದರೆ ನೀವು ನಂಬಲಿಕ್ಕಿಲ್ಲ, ನಾನೂ ಒಂದು ಕಾಲಕ್ಕೆ ಟೆನಿಸ್ ಆಡುತ್ತಿದ್ದೆ. ಧಾರವಾಡದಲ್ಲಿ ಕಾಲೇಜು ಓದುವಾಗ ಜೊತೆಯಾದವನು ನವಲಗುಂದದ ದಾವಲ. ಅವನ ತಾಯಿ ಜಮಖಾನ ನೇಯುತ್ತಿದ್ದರು. ನಾನು ಹೋದಾಗೆಲ್ಲ ಮಗ್ಗದಿಂದ ಎದ್ದು ಬಂದು, "ಮೊದಲ ಉಣ್ರಿ, ಆಮ್ಯಾಲ ಆಟದ ಸುದ್ದಿ" ಎನ್ನುತ್ತಿದ್ದರು. ನನ್ನದು ಜೋರು ಸರ್ವ್, ತಲೆ ಕಡಿಮೆ. ದಾವಲ ನೆಟ್ ಹತ್ತಿರ ನಿಂತರೆ ಚೆಂಡು ತಾನಾಗಿ ಅವನ ಕೈಗೆ ಬರುತ್ತಿತ್ತು. ಗೆದ್ದಾಗೆಲ್ಲ ನನ್ನಿಂದಲೇ ಗೆದ್ದೆವು ಎಂದು ನಾನು ತಿಳಿದುಕೊಂಡಿದ್ದೆ.

ಹನ್ನೊಂದು ವರ್ಷದ ಹಿಂದೆ ಧಾರವಾಡದಲ್ಲಿ ವೃತ್ತಿಪರರ ಪಂದ್ಯಾವಳಿಯೊಂದು ನಡೆಯಿತು. ನೀವು ಟೀವಿಯಲ್ಲಿ ನೋಡುವಂಥದ್ದಲ್ಲ. ಆಟಗಾರರು ತಮ್ಮ ಬಟ್ಟೆ ತಾವೇ ಒಗೆದು ಲಾಡ್ಜಿನ ಕಿಟಕಿಗೆ ಒಣಹಾಕುವ, ಟೆನಿಸ್ ಏಣಿಯ ಕಟ್ಟಕಡೆಯ ಮೆಟ್ಟಿಲಿನದು. ಅದರಲ್ಲೂ ಡಬಲ್ಸ್ ಎಂದರೆ ಪ್ರೇಕ್ಷಕರು ಊಟಕ್ಕೆ ಎದ್ದು ಹೋದ ಮೇಲಿನ ಆಟ. ಸ್ಥಳೀಯರೆಂದು ನಮಗೊಂದು ಅವಕಾಶ ಕೊಟ್ಟರು. ಮೊದಲ ಸುತ್ತಿನಲ್ಲಿ ಎದುರಾಳಿಗಳಲ್ಲೊಬ್ಬನಿಗೆ ಹೊಟ್ಟೆ ಕೆಟ್ಟಿದ್ದರಿಂದ ಆಡದೆಯೇ ಮುಂದೆ ಹೋದೆವು. ಊರಲ್ಲಿ ಮಾತ್ರ ಗೆದ್ದೆವೆಂದೇ ಹೇಳಿಕೊಂಡೆ. ಇನ್ನೊಂದು ಪಂದ್ಯ ಗೆದ್ದರೆ ಜಗತ್ತಿನ ರ್‍ಯಾಂಕಿಂಗ್ ಪಟ್ಟಿಯ ತಳದಲ್ಲಿ ಎಲ್ಲೋ ನಮ್ಮ ಹೆಸರು ಬರುತ್ತಿತ್ತು. ಆ ವಾರ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ಆ ಪಂದ್ಯದಲ್ಲಿ ಮೊದಲ ಸೆಟ್ ಸೋತೆವು, ಎರಡನೆಯದು ಗೆದ್ದೆವು. ಇನ್ನು ಉಳಿದದ್ದು ಮೂರನೇ ಸೆಟ್ಟಿನ ಬದಲು ಆಡುವ ಹತ್ತು ಪಾಯಿಂಟಿನ ಟೈಬ್ರೇಕ್. ದಾವಲ ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೋದ. ಆಗ ಬೇಲಿಯ ಜಾಳಿಗೆ ಆಚೆಯಿಂದ ಬೆರಳು ಸಿಕ್ಕಿಸಿ ಯಾರೋ ನನ್ನನ್ನು ಕರೆದರು. ದಾವಲನ ಚಾಚಾ, ಅಂದರೆ ಚಿಕ್ಕಪ್ಪ, ಇಮಾಮಸಾಬರು.

"ತಮ್ಮಾ, ದಾವಲ ಎಲ್ಲಿ ಹೋದ? ಅವನ ಫೋನ್ ಬಂದ್ ಐತಿ. ಅವರ ಅಮ್ಮಾಗ ಎದಿನೋವು ಬಂದು ಹುಬ್ಬಳ್ಳಿ ದವಾಖಾನಿಗೆ ಹಾಕೇವಿ. ಮಗನ್ನ ಲಗೂನ ಕರಕೊಂಡ ಬರ್ರಿ ಅಂದಾರ ಡಾಕ್ಟರು."

"ನಾ ಹೇಳ್ತೀನ್ರಿ ಚಾಚಾ. ನೀವು ಗೇಟಿನ ಕಡೆ ಗಾಡಿ ಚಾಲೂ ಮಾಡಿ ನಿಲ್ರಿ."

ಅವರು ತಲೆಯಾಡಿಸಿ ಓಡುತ್ತಲೇ ಹೋದರು. ಗೇಟಿನಿಂದ ಕೋರ್ಟ್ ಕಾಣುತ್ತಿರಲಿಲ್ಲ.

ದಾವಲ ಮುಖ ಒರೆಸಿಕೊಳ್ಳುತ್ತ ಬಂದ. "ಮೊದಲ ಸರ್ವ್ ಯಾರದಲೇ?" ಎಂದ.

"ನಂದು" ಎಂದೆ.

ಹದಿನೈದು ನಿಮಿಷ ಅಷ್ಟೆ, ಎಂದು ನನಗೆ ನಾನೇ ಹೇಳಿಕೊಂಡೆ. ಎಂಟಕ್ಕೆ ಎಂಟಾಗಿದ್ದಾಗ ಗೇಟಿನ ಕಡೆಯಿಂದ ಮೋಟರ್ ಸೈಕಲ್ಲಿನ ಸಪ್ಪಳ ಕೇಳುತ್ತಿತ್ತು. ಕೊನೆಯ ಎರಡು ಪಾಯಿಂಟನ್ನೂ ದಾವಲನೇ ಹೊಡೆದ. ನನ್ನನ್ನು ಎತ್ತಿಕೊಂಡು ಕುಣಿದ. ಎದುರಾಳಿಗಳ ಕೈ ಕುಲುಕಿ ಆದ ಮೇಲೆ, "ಚಾಚಾ ಬಂದಾರಲೇ, ಅಮ್ಮಾಗ ಆರಾಮಿಲ್ಲಂತ" ಎಂದೆ. ರಾಕೆಟ್ ಅಲ್ಲೇ ಬಿಟ್ಟು ಓಡಿದ.

ಅವರು ದವಾಖಾನೆ ಮುಟ್ಟುವ ಹತ್ತು ನಿಮಿಷ ಮೊದಲೇ ಅಮ್ಮ ಹೋಗಿದ್ದರು. ಕಡೆಯವರೆಗೂ ಮಗನನ್ನು ಕೇಳುತ್ತಿದ್ದರಂತೆ.

ಮೂರನೆಯ ದಿನ ಅವರ ಮನೆಗೆ ಹೋದೆ. ದಾವಲ ನನ್ನನ್ನು ಹೊರಗೆ ಕರೆದು ಕೇಳಿದ: "ಎರಡನೇ ಸೆಟ್ ಮುಗದಾಗನ ನಿನಗ ಹೇಳೇನಿ ಅಂತಾರ ಚಾಚಾ. ಹೌದೇನು?"

ಹೌದು ಎನ್ನಲು ಬಾಯಿ ತೆರೆದೆ. ಹೊರಬಿದ್ದದ್ದು ಬೇರೆ. "ಇಲ್ಲಪಾ, ಆಟ ಮುಗದ ಮ್ಯಾಲ ಬಂದ್ರು."

ದಾರಿಯಲ್ಲಿ ಪೆಟ್ರೋಲಿಗೆ ನಿಂತಿದ್ದೆನೆಂದು ಚಾಚಾ ತಾವೇ ಹೇಳಿದ್ದರು. ಹಾಗಾಗಿ ನನ್ನ ಸುಳ್ಳಿಗೆ ಕಾಲು ಬಂತು. ಅಲ್ಲಿ ನಿಂತು ತಡ ಮಾಡಿದರು, ಮೇಲೆ ಸುಳ್ಳೂ ಹೇಳಿದರು ಎಂದು ದಾವಲ ಅವರ ಸಂಗಡ ಮಾತು ಬಿಟ್ಟ. ಆಟವನ್ನೂ ಬಿಟ್ಟ. ಪಟ್ಟಿಯಲ್ಲಿ ಒಂದು ವರ್ಷ ನಮ್ಮಿಬ್ಬರ ಹೆಸರಿತ್ತು. ಅದರ ಪ್ರತಿಯನ್ನು ಅರ್ಜಿಗೆ ಹಚ್ಚಿಯೇ ನಾನು ಈ ನೌಕರಿ ಹಿಡಿದೆ.

ಎರಡು ವರ್ಷದ ನಂತರ ನವಲಗುಂದದ ಬಸ್ ಸ್ಟ್ಯಾಂಡಿನಲ್ಲಿ ಚಾಚಾ ಎದುರಾದರು. ಸಿಟ್ಟೇನೂ ಇರಲಿಲ್ಲ. "ತಮ್ಮಾ, ನಾ ನಿನಗ ಜಾಳಿ ಹತ್ರ ನಿಂತು ಹೇಳಿದ್ನಲ್ಲಾ?" ಎಂದು ಕೇಳಿದರು. "ಆವತ್ತಿನ ಗದ್ದಲದಾಗ ನನಗ ನೆನಪಿಲ್ರಿ" ಎಂದು ಬಸ್ಸು ಹತ್ತಿದೆ. ಅದು ನನ್ನ ಬಸ್ಸೂ ಆಗಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಆ ಹುಡುಗಿಯರ ಆಟ ನೋಡಿದ ಮೇಲೆ ಮಾತ್ರ ಸುಮ್ಮನೆ ಕೂಡಲಾಗಲಿಲ್ಲ. ಈ ಭಾನುವಾರ ನವಲಗುಂದಕ್ಕೆ ಹೋಗಿ ದಾವಲನಿಗೆ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಅಂಗೈ ನೋಡಿಕೊಂಡ.

"ಚಾಚಾನ ಮಣ್ಣಿಗೂ ಹೋಗಲಿಲ್ಲ ನಾ" ಎಂದ. ಆಮೇಲೆ, "ಒಂದು ತಿಂಗಳ ಮೊದಲ ಬರಬೇಕಿತ್ತಲ್ಲೋ" ಎಂದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ. "ನಡಿ. ಚಾಚಿ ಮುಂದ ಹೇಳು."

ಎರಡು ಓಣಿ ಆಚೆ ಚಾಚಾ ಅವರ ಮನೆ. ಹನ್ನೊಂದು ವರ್ಷದ ಮೇಲೆ ಅವನು ಆ ಹೊಸ್ತಿಲು ದಾಟಿದ, ಅವನ ಹಿಂದೆ ನಾನು. ಚಾಚಿ ಹಾಸಿದ ಚಾಪೆಯ ಮೇಲೆ ಕೂಡದೆ, ನಿಂತೇ ಹೇಳಿದೆ. ಅವರು ಅಳಲಿಲ್ಲ. ಸೆರಗು ಸರಿಮಾಡಿಕೊಂಡರು.

"ಮೊದಮೊದಲು ಭಾಳ ಹೇಳತಿದ್ರು, ನಾ ಹೊತ್ತಿಗೆ ಸರಿ ಹೋಗೇನಿ ಅಂತ" ಎಂದರು. "ಬರಬರತಾ ಅವರಿಗೂ ಸಂಶೇ ಬಂತು. ನಾನ ತಡಾ ಮಾಡಿದ್ನೇನೋ, ಆಟ ಮುಗದ ಮ್ಯಾಲ ಹೋಗಿದ್ನೇನೋ, ಆ ಹುಡುಗ ಯಾಕ ಸುಳ್ಳ ಹೇಳ್ತಾನ ಅಂತಿದ್ರು. ಹಂಗ ಅನ್ಕೋತನ ಹೋದ್ರು."

ದಾವಲ ಬಾಗಿಲ ಕಡೆ ಮುಖ ತಿರುಗಿಸಿದ. ನಾನು ಯಾವಾಗ ಹೊರಬಂದೆ ಎಂಬುದು ನನಗೆ ನೆನಪಿಲ್ಲ.

ಇದನ್ನು ಬರೆಯುತ್ತಿರುವುದು ಕ್ಷಮೆ ಸಿಗಲೆಂದಲ್ಲ. ಕೇಳಬೇಕಾದ ಕಿವಿ ಇನ್ನಿಲ್ಲ. ನೀವಾದರೂ ತಿಳಿದಿರಿ: ಎರಡನೇ ಸೆಟ್ ಮುಗಿದಿತ್ತು, ಆಟ ಮುಗಿದಿರಲಿಲ್ಲ. ಇಮಾಮಸಾಬರು ಹೊತ್ತಿಗೆ ಸರಿಯಾಗಿ ಬಂದಿದ್ದರು.