ಯಜಮಾನನ ಸಾಲು
ಗೆದ್ದಲು ತಿಂದ ರೇಷನ್ ರಿಜಿಸ್ಟರನ್ನು ಹೊಸದಾಗಿ ಬರೆಯುವಾಗ ಕುಷ್ಟಗಿಯ ಗುಮಾಸ್ತ ವಿರುಪಣ್ಣನವರದು ಒಂದೇ ಹಟ: ಯಜಮಾನನ ಹೆಸರು ಹತ್ತದೆ ಮಕ್ಕಳ ಹೆಸರು ಹತ್ತಕೂಡದು. "ಬೇರಿಲ್ದ ಟೊಂಗಿ ಎಲ್ಲಿ ಹಚ್ಚಲೋ?" ಎಂದು ದೂರದ ಹನುಮಸಾಗರದಿಂದ ಬಂದವರನ್ನೂ ತಿರುಗಿ ಕಳಿಸುವರು. ಊಟಕ್ಕೆ ಕೂತರೂ ರೊಟ್ಟಿ ಬೀಳದೆ ಪಲ್ಯ ಹಾಕಿಸಿಕೊಳ್ಳರು, "ಪಲ್ಯಾಕ್ಕೂ ಅಪ್ಪ ಬೇಕೇನ್ರಿ?" ಎಂದು ಹೆಂಡತಿ ಚುಚ್ಚುವಳು. ಅಂಥವರೆದುರು ಒಂಟಿ ಹೆಂಗಸು ಜೈನಾಬೀ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಸಾಕುಮಗಳೊಡನೆ ನಿಂತಳು. "ಈಕಿ ಅಪ್ಪ ಯಾರಂತ ಗೊತ್ತಿಲ್ರಿ ಸಾಹೇಬ್ರ. ಹೆಸರು ಹತ್ಲಿಲ್ಲಂದ್ರ ಈಕಿ ಪಾಲಿನ ಜ್ವಾಳ ಸಿಗಂಗಿಲ್ಲ" ಎಂದು ಕಣ್ಣೊರೆಸಿಕೊಂಡಳು. ವಿರುಪಣ್ಣ ಪೆನ್ನು ಕೆಳಗಿಟ್ಟರು. "ಈಕಿಗೆ ಉಣಸಾವ್ರು ಯಾರವ್ವ?" "ನಾನಽ ರೀ." "ಮತ್ತ ಯಜಮಾನ ಇಲ್ಲಂತ ಯಾಕ ಅಳ್ತಿ?" ಎಂದು ಗದರಿ, ಅದುವರೆಗೆ ಗಂಡಸರ ಹೆಸರೇ ಕೂತಿದ್ದ ಯಜಮಾನನ ಸಾಲಿನಲ್ಲಿ ಜೈನಾಬೀಯ ಹೆಸರು ಬರೆದರು, ಕೆಳಗೆ ಹುಡುಗಿಗೆ ಜಾಗವಾಯಿತು.