ಉಪ್ಪು ಕಡಿಮೆಯಾದ ವರ್ಷದ ಒಣಬಂಗಡೆ

ಮೊನ್ನೆ ನೆರೆಮನೆಯ ಸೊಸೆ ಉಪ್ಪಿನಕಾಯಿ ಕೇಳಿಕೊಂಡು ಬಂದಳು. ಹೆಂಡತಿ ಭರಣಿಯ ಬಟ್ಟೆ ಬಿಚ್ಚಿದಳು. ಮಾವಿನ ಮಿಡಿಗಳ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಕೊಳೆತ ವಾಸನೆ ಜಗಲಿಯವರೆಗೂ ಬಂತು. "ಕೈ ತಪ್ಪಿತು ಈ ಸಲ," ಎಂದಳು, ನನ್ನ ಕಡೆ ನೋಡದೆ. ಆ ಮಾತು ಕೇಳಿದ್ದೇ ನನಗೆ ಆಚೆಮನೆಯ ಅಕ್ಕ ನೆನಪಾದಳು...

ನಮ್ಮದು ಬಾಳೆಗುಳಿಯಿಂದ ಒಳಗೆ ಹೋದರೆ ಸಿಗುವ ಕೇರಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಕಲ್ಲು ಕಟ್ಟುವ ಕೆಲಸಕ್ಕೆ ಇಳಿದವನು ನಾನು. ಶಿರವಾಡದಲ್ಲಿ ನಾನು ಕಟ್ಟಿದ ಗೋಡೆಗಳಿಗೆ ಇವತ್ತಿಗೂ ಯಾರೂ ಬೊಟ್ಟು ಮಾಡುವಂತಿಲ್ಲ. ಅಕ್ಕನ ಒಣಮೀನೂ ಹಾಗೆಯೇ ಇತ್ತು. ಮಳೆಗಾಲದಲ್ಲಿ ತಾಜಾ ಮೀನು ಸಿಗುವುದಿಲ್ಲವಲ್ಲ. ಬೇಸಿಗೆಯಲ್ಲೇ ಕೇಣಿಯ ಕಡಲದಂಡೆಯಿಂದ ಬಂಗಡೆ ತರಿಸಿ, ಸೀಳಿ, ಉಪ್ಪು ತುಂಬಿ, ಇಡೀ ಕೇರಿಗೆ ಅವಳೇ ಒಣಗಿಸಿ ಕೊಡುತ್ತಿದ್ದಳು. ಬಿಸಿ ಗಂಜಿಗೆ ಅದರದೊಂದು ಸುಟ್ಟ ತುಂಡು ಇದ್ದರೆ...

ಅವಳ ಗಂಡ, ನಾನು ಭಾವ ಎನ್ನುತ್ತಿದ್ದವನು, ಗದ್ದೆಯಲ್ಲಿ ಎತ್ತಿನ ಹಾಗೆ ದುಡಿಯುವ ಆಳು. ಒಂದು ದಿನ ತಲೆ ತಿರುಗಿ ಬಿದ್ದಾಗ ನಾನೇ ಬೈಕಿನಲ್ಲಿ ಕೂರಿಸಿಕೊಂಡು ಕಾರವಾರದ ಡಾಕ್ಟರ ಹತ್ತಿರ ಹೋದೆ. ಬಿ.ಪಿ. ವಿಪರೀತ ಏರಿತ್ತು. ದಿನವಿಡೀ ತಿನ್ನುವ ಉಪ್ಪೆಲ್ಲ ಸೇರಿ ಒಂದು ಚಿಕ್ಕ ಚಮಚ ದಾಟಬಾರದು, ಉಪ್ಪಿನಕಾಯಿ, ಹಪ್ಪಳ, ಒಣಮೀನಿನದ್ದೂ ಅದರಲ್ಲೇ ಬಂತು ಎಂದರು. ಬೆವರು ಸುರಿಸುವವನಿಗೆ ಎಷ್ಟು ಉಪ್ಪಾದರೂ ನಡೆಯುತ್ತದೆ ಎಂದು ಅಲ್ಲಿಯವರೆಗೆ ನಾನೂ ತಿಳಿದಿದ್ದೆ. ಹೊರಗೆ ಬಂದವನೇ ಭಾವ, "ಕೇರಿಯಲ್ಲಿ ಬಾಯಿ ಬಿಟ್ರೆ ನೋಡು ಮತ್ತೆ. ರೋಗದವ ಅನ್ನಿಸ್ಕಂಡು ತಿರ್ಗೂದಿಲ್ಲ ನಾನು," ಎಂದ. ಅಕ್ಕನ ಹತ್ತಿರವೂ ಆಣೆ ಹಾಕಿಸಿಕೊಂಡ.

ಮನೆಯಲ್ಲಿ ಅಕ್ಕ ಸಪ್ಪೆ ಗಂಜಿ ಬಡಿಸಿದರೆ ಅವನು ಯಾರದೋ ಜಗಲಿಯಲ್ಲಿ ಕೂತು ಒಣಬಂಗಡೆ ತಿಂದು ಬರುತ್ತಿದ್ದ. ರೋಗದ ಸುದ್ದಿಯೇ ಗೊತ್ತಿಲ್ಲದ ಆ ಮನೆಯವರು ಅವನಿಗೆ ಮೀನು ಕೊಡುವುದಿಲ್ಲ ಎನ್ನುವುದಾದರೂ ಹೇಗೆ? ಆ ಬೇಸಿಗೆ ಅಕ್ಕ ಕೇರಿಯವರೆಲ್ಲರ ಮೀನಿಗೂ ಅರ್ಧದಷ್ಟೇ ಉಪ್ಪು ಹಾಕಿದ್ದನ್ನು ನಾನು ನೋಡಿದೆ. "ಯಾರ ಮನೆಗೆ ಹೋದ್ರೂ ಇದೇ ಮೀನಲ್ವಾ ತಮಾ ಅವ್ರು ತಿನ್ನೂದು?" ಎಂದಳು. ಬಿಸಿಲು ಗಟ್ಟಿಯಿದೆ, ಮೀನು ಕೆಡುವುದಿಲ್ಲ ಎಂಬ ಧೈರ್ಯ ಅವಳಿಗೆ.

ಆಷಾಢದಲ್ಲಿ ಮನೆಮನೆಯ ಒಣಮೀನಿನ ಮಡಕೆಗಳು ನಾರಿದವು. ಹೆಂಗಸರು ತಂದು ಅವಳ ಅಂಗಳದಲ್ಲಿಟ್ಟರು. "ಉಪ್ಪು ಉಳಿಸಿ ಬಂಗಾರ ಮಾಡಿಸ್ಕಂಡ್ಯಾ?" ಎಂದು ಒಬ್ಬಳು ಚುಚ್ಚಿದಳು. ಕಾರಣ ಹೇಳಿದರೆ ಭಾವನ ರೋಗ ಹೇಳಿದಂತೆ. ಆದರೂ ನಾನು ಬಾಯಿ ತೆರೆದೆ.

"ನೀ ಸುಮ್ನಿರು ತಮಾ. ಕೈ ತಪ್ಪಿತು, ಅಷ್ಟೇ," ಎಂದಳು ಅಕ್ಕ.

ಗಂಜಿ ಯಾಕೆ ಸಪ್ಪೆಯೆಂದು ಭಾವನಿಗೆ ಗೊತ್ತಿತ್ತು, ಮೀನೂ ತನ್ನ ಸಲುವಾಗಿಯೇ ಕೆಟ್ಟದ್ದೆಂದು ಗೊತ್ತಿರಲಿಲ್ಲ. ಜಗಲಿಯಿಂದಲೇ ನಕ್ಕ: "ನಮ್ಮನೆ ಗಂಜಿಯೂ ಸಪ್ಪೆಯೇ. ಉಪ್ಪಿನ ಅಂದಾಜೇ ತಪ್ಪಿ ಹೋಗಿದೆ ಇವಳಿಗೆ." ಎಲ್ಲರೂ ನಕ್ಕರು. ಅಕ್ಕ ಮಡಕೆಗಳನ್ನು ಒಂದೊಂದಾಗಿ ಎತ್ತಿ ತೆಂಗಿನ ಬುಡಕ್ಕೆ ಸುರಿದಳು.

ಮುಂದೆ ಯಾರೂ ಅವಳಿಂದ ಮೀನು ಒಣಗಿಸಿಕೊಳ್ಳಲಿಲ್ಲ. ಸಂತೆಯಿಂದ ತಂದರು, ಮೈತುಂಬ ಉಪ್ಪಿನ ಹರಳು ಹೊತ್ತದ್ದನ್ನು. ಭಾವ ಅದನ್ನೂ ಜಗಲಿ ಜಗಲಿಯಲ್ಲಿ ಕೂತು ತಿಂದ... ಒಂದು ನಾಟಿಯ ದಿನ ಗದ್ದೆಯ ಬದುವಿನ ಮೇಲೆ ಬಿದ್ದವನು ಏಳಲಿಲ್ಲ. ಅವನು ಹೋದ ಮೇಲೂ ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಈಗ ಅವಳೂ ಇಲ್ಲ. ಕೇರಿಯ ಹಳಬರಿಗೆ ಅವಳ ಅಷ್ಟು ವರ್ಷಗಳ ಮೀನು ಮರೆತಿದೆ, ಕೊಳೆತದ್ದು ಮಾತ್ರ ನೆನಪಿದೆ.

ಈ ವರ್ಷ ಡಾಕ್ಟರು ನನಗೂ ಅದೇ ಚಮಚದ ಮಾತು ಹೇಳಿದ್ದಾರೆ. ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೇಳಬೇಡ ಎಂದವನು ನಾನೇ. ಕೆಲಸದ ಕಡೆ ಜೊತೆಯವರು ಡಬ್ಬಿ ಬಿಚ್ಚಿ ಉಪ್ಪಿನಕಾಯಿ ನೀಡಿದರೆ ಕೈ ಒಡ್ಡುತ್ತೇನೆ.

ಮೊನ್ನೆ ಆ ಸೊಸೆ ಮೂಗು ಮುಚ್ಚಿಕೊಂಡು, "ಇಷ್ಟು ವರ್ಷ ಹಾಕಿ ಈಗ ಮರ್ತೋಯ್ತಾ ಕಾಕಿ?" ಎಂದು ನಕ್ಕಳು. ಹೆಂಡತಿ ಭರಣಿ ಎತ್ತಿಕೊಂಡು ತೆಂಗಿನ ಬುಡದ ಕಡೆ ನಡೆದಳು. ನಾನು ಜಗಲಿಯಲ್ಲೇ ಕೂತಿದ್ದೆ. ಭಾವನ ಹಾಗೆ ನಗಲಿಲ್ಲ. ಆದರೆ ಈ ಸಲ ಉಪ್ಪು ಯಾಕೆ ಕಡಿಮೆಯಾಯಿತೆಂದು ಹೇಳಲೂ ಇಲ್ಲ...