ಭಟ್ಕಳದಿಂದ ತದಡಿಗೆ, ಗೋಧಿ ಬಿಟ್ಟು

ಭಟ್ಕಳದಲ್ಲಿ ಕುಮಟೆಯ ಬಸ್ಸು ಹತ್ತಿದಾಗ ಬಿಸಿಲು ಆಗಲೇ ಏರಿತ್ತು. ಎಂಬತ್ತರ ದಶಕದ ನಡುವಿನ ಮಾತು. ಮಳೆಗಾಲ ಮುಗಿದು ರಸ್ತೆಯ ತುಂಬ ಗುಂಡಿಗಳಿದ್ದವು. ಪಕ್ಕದಲ್ಲಿ ನನ್ನ ಅಣ್ಣನ ಮಗಳು ನಾಗವೇಣಿ ಕೂತಿದ್ದಳು. ವಯಸ್ಸು ಹದಿನಾಲ್ಕು, ನೋಡಿದವರು ಹತ್ತು ಎನ್ನುತ್ತಿದ್ದರು. ಅವಳ ತೊಡೆಯ ಮೇಲಿನ ಥರ್ಮಾಸಿನಲ್ಲಿ ಮಂಜುಗಡ್ಡೆಯ ನಡುವೆ ಇನ್ಸುಲಿನ್ ಬಾಟಲಿ ಇತ್ತು. ನಾನು ಭಟ್ಕಳದಲ್ಲಿ ಶಾಲಾ ಶಿಕ್ಷಕಿ. ತೆಂಕಣ ಜಿಲ್ಲೆಯ ದೊಡ್ಡ ಆಸ್ಪತ್ರೆಯಿಂದ ಅವಳನ್ನು ಬಿಡಿಸಿಕೊಂಡು ಬಂದು, ಒಂದು ದಿನ ನನ್ನ ಮನೆಯಲ್ಲಿ ಉಳಿಸಿಕೊಂಡು, ಈಗ ತದಡಿಯ ಅವಳ ಮನೆಗೆ ಹೊರಟಿದ್ದೆ.

ಹೊರಡುವಾಗ ಪಕ್ಕದ ಮನೆಯ ಜುಬೇದಾ ಬಾಳೆಲೆಯಲ್ಲಿ ಅಕ್ಕಿರೊಟ್ಟಿ ಕಟ್ಟಿಕೊಟ್ಟಿದ್ದರು. "ಗೋಧಿ, ಮೈದಾ ಎಂತದೂ ತಾಗಿಸ್ಲಿಲ್ಲ ಟೀಚರ್, ಧೈರ್ಯದಲ್ಲಿ ಕೊಡಿ" ಎಂದಿದ್ದರು.

ಗೋಧಿ ಎಂದರೆ ಆಗ ನನ್ನ ಮೈ ಉರಿಯುತ್ತಿತ್ತು. ನಾಗವೇಣಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಕುಮಟೆಯ ಡಾಕ್ಟರು ಅನ್ನ ಬಿಡಿಸಿ ಮೂರು ಹೊತ್ತೂ ಚಪಾತಿ ಎಂದರು. ಅಂದಿನಿಂದ ಹೊಟ್ಟೆ ಉಬ್ಬರ, ಭೇದಿ. ಸಕ್ಕರೆ ಒಮ್ಮೆ ಏರುತ್ತಿತ್ತು, ಒಮ್ಮೆ ತಟ್ಟನೆ ಕುಸಿಯುತ್ತಿತ್ತು. ಹುಡುಗಿ ಬೆಳೆಯುವುದೇ ನಿಂತಿತು. ದೊಡ್ಡ ಆಸ್ಪತ್ರೆಯವರು ಕರುಳಿನ ಚೂರು ತೆಗೆದು ಪರೀಕ್ಷಿಸಿ ಸೀಲಿಯಾಕ್ ಎಂಬ ಕಾಯಿಲೆ ಎಂದರು. "ಗೋಧಿ ಇವಳ ಕರುಳನ್ನು ಹಾಳು ಮಾಡಿದೆ. ಉಂಡದ್ದು ಮೈಗೆ ಹತ್ತುತ್ತಿಲ್ಲ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಿದೆ. ಸಕ್ಕರೆ ಕುಸಿಯದೆ ಇನ್ನೇನಾದೀತು?" ಎಂದು ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಅನ್ನ, ಮೀನು, ತರಕಾರಿ ಅಳತೆಯಲ್ಲಿ ಕೊಡಿ ಎಂದರು. ಕಡಲ ದಂಡೆಯಲ್ಲಿ ಹುಟ್ಟಿದ ಹುಡುಗಿಗೆ ಬೇಕಾದದ್ದೆಲ್ಲ ಮನೆಯ ಒಲೆಯ ಮೇಲೆಯೇ ಇತ್ತು. ಅದನ್ನು ಕಿತ್ತುಕೊಂಡು ವಿಷ ಬಡಿಸಿದ್ದರು.

ಮಂಕಿಯ ಹತ್ತಿರ ಟಯರು ಪಂಕ್ಚರಾಗಿ ಬಸ್ಸು ತಡವಾಯಿತು; ಬೆಳಿಗ್ಗೆ ಇನ್ಸುಲಿನ್ ಚುಚ್ಚಿದ್ದ ಹುಡುಗಿಗೆ ತಿನ್ನುವ ಹೊತ್ತು ಮೀರಿದ್ದು ನನಗೆ ಹೊಳೆಯಲಿಲ್ಲ. ಕಾಸರಕೋಡು ಕಳೆದು ಶರಾವತಿ ದಾಟುವಾಗ ನಾಗವೇಣಿ ನನ್ನ ತೋಳು ಹಿಡಿದಳು. "ಅತ್ತೆ, ಕೈ ನಡುಗ್ತದೆ." ಹಣೆಯ ಮೇಲೆ ಬೆವರು, ಕಣ್ಣು ಎತ್ತಲೋ ನೋಡುತ್ತಿತ್ತು. ರೊಟ್ಟಿ ಬಿಚ್ಚುವಷ್ಟು ಪುರಸೊತ್ತಿರಲಿಲ್ಲ. ಆಸ್ಪತ್ರೆಯವರು ಹೇಳಿದಂತೆ ಚೀಲದಲ್ಲಿಟ್ಟಿದ್ದ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿದೆ.

ಹಿಂದಿನ ಸೀಟಿನವರೊಬ್ಬರು ಬಗ್ಗಿ ಥರ್ಮಾಸಿಗೆ ಅಂಟಿಸಿದ್ದ ಇನ್ಸುಲಿನ್ ಚೀಟಿ ಓದಿ, "ಇದು ಶುಗರ್ ಇದ್ದ ಹುಡುಗಿ ಅಲ್ದಾ? ಸಕ್ರೆ ಕೊಡೂದೆ? ಕೊಲ್ತಿರಾ ಎಂತ?" ಎಂದು ಗದರಿದರು.

"ಈಗ ಕೊಡದಿದ್ದರೇ ಸಾಯ್ತಾಳೆ!" ಎಂದು ಕೂಗಿದೆ. ಬಸ್ಸೇ ತಿರುಗಿ ನೋಡಿತು.

ಹೊನ್ನಾವರದಲ್ಲಿ ಬಸ್ಸು ನಿಂತಾಗ ಇಳಿದು, ಹೋಟೆಲಿನ ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ಅವಳಿಗೆ ಮಾತು ಬಂತು. "ಮನೇಲಿ ಹೀಂಗಾದ್ರೆ ಸಕ್ರೆ ಕೊಡೂದಿಲ್ಲ ಅತ್ತೆ. ಕದ್ದು ಬೆಲ್ಲ ತಿಂದದ್ದಕ್ಕೇ ಹೀಂಗಾತು ಹೇಳಿ ಅಜ್ಜಿ ಬೈತದೆ. ಡಾಕ್ಟ್ರೂ ಹಾಂಗೇ ಹೇಳಿದ್ರು. ಕೇರಿಯವ್ರೆಲ್ಲ ನಂಗೆ ಬೆಲ್ಲದ ಕಳ್ಳಿ ಹೇಳ್ತ್ರು."

ನನ್ನ ಕೈಯ ಚಹಾ ಹಾಗೆಯೇ ಆರಿತು. ಆ ಅಜ್ಜಿ ನನ್ನನ್ನು ಹೆತ್ತ ತಾಯಿ.

ಕುಮಟೆಯಲ್ಲಿ ಇಳಿದವಳೇ ನೆಟ್ಟಗೆ ಡಾಕ್ಟರ ಬಳಿಗೆ ಹೋದೆ. ಆಸ್ಪತ್ರೆಯವರು ಹೇಳಿದ್ದನ್ನು ಅವರು ಪೂರ್ತಿ ಕೇಳಲೂ ಇಲ್ಲ. "ಗೋಧಿಯಿಂದ ರೋಗವೇ? ಹಾಗಾದರೆ ಪಂಜಾಬಿನವರೆಲ್ಲ ಸಾಯಬೇಕಿತ್ತು!" ಎಂದು ನಕ್ಕರು. ಸರದಿಯಲ್ಲಿ ಕೂತವರೂ ನಕ್ಕರು.

"ಪಂಜಾಬಿನವರ ಕರುಳು ನಾನು ಕಾಣೆ. ಇವಳ ಕರುಳನ್ನು ಆಸ್ಪತ್ರೆಯವರು ನೋಡಿದ್ದಾರೆ. ನೀವು ಇವಳ ಹೊಟ್ಟೆಯನ್ನು ಒಮ್ಮೆಯಾದರೂ ಮುಟ್ಟಿ ನೋಡಿದ್ದೀರಾ?"

"ಹುಡುಗಿ ಪಥ್ಯ ಮಾಡುವುದಿಲ್ಲ. ಅದಕ್ಕೆ ನಾನೇನು ಮಾಡಲಿ?"

"ನಾ ಮಾಡಿದ್ದೆ," ನಾಗವೇಣಿ ನನ್ನ ಹಿಂದಿನಿಂದ ಮುಂದೆ ಬಂದಳು. "ವಾಂತಿ ಬಂದ್ರೂ ನಿಮ್ ಚಪಾತಿ ತಿಂದಿದ್ದೆ." ಡಾಕ್ಟರು ಗಂಟೆ ಬಾರಿಸಿ ಮುಂದಿನವರನ್ನು ಕರೆದರು. ನಾನು ಅವಳ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ.

ತದಡಿಯ ಬಸ್ಸಿನಲ್ಲಿ ಮೀನು ಬುಟ್ಟಿಗಳ ನಡುವೆ ನಿಂತೇ ಹೋದೆವು. ಅಣ್ಣ ಬೋಟಿನಲ್ಲಿದ್ದ, ಅತ್ತಿಗೆ ಮೀನು ಮಾರಲು ಹೋಗಿದ್ದಳು. ನನ್ನ ತಾಯಿ, ನಮ್ಮ ಆಯಿ, ಅಂಗಳದಲ್ಲಿ ಸೀಗಡಿ ಒಣಗಿಸುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ದನಿ ಏರಿತೆಂದು ಕಾಣುತ್ತದೆ, ನೆರೆಯವರು ಇಣುಕಿದರು.

ಆಯಿ ಸೀಗಡಿ ಬಿಟ್ಟು ಎದ್ದು, "ನಂಗೆಂತ ಗೊತ್ತಿತ್ತು? ಡಾಕ್ಟ್ರು ಹೇಳಿದ್ರು, ನಾ ನಂಬಿದೆ. ಬಾ ಮಗಾ, ಅನ್ನ ಬಡಿಸ್ತೆ" ಎಂದಳು.

ನಾಗವೇಣಿ ಮೆಟ್ಟಿಲು ಹತ್ತಲಿಲ್ಲ. "ಊಟ ಆಮೇಲೆ ಅಜ್ಜಿ. ನಾ ಕಳ್ಳಿ ಹೇಳಿ ಕೇರಿಗೆಲ್ಲ ಹೇಳಿದ್ದು ನೀನೇ ಅಲ್ದಾ? ಕಳ್ಳಿ ಅಲ್ಲ ಹೇಳೂದೂ ನೀನೇ ಹೇಳು."

ಗದರಿಯಾಳು ಎಂದುಕೊಂಡೆ. ಆಯಿ ಸೆರಗಿಗೆ ಕೈ ಒರೆಸಿಕೊಂಡು ಎದುರು ಮನೆಯ ಜಗಲಿಗೆ ನಡೆದಳು. "ನಮ್ ನಾಗವೇಣಿ ಬೆಲ್ಲ ಕದ್ದದ್ದಲ್ಲ. ನಾ ಹೇಳಿದ್ದು ಸುಳ್ಳು" ಎಂದಳು. ಆಮೇಲೆ ಅದರಾಚೆಯ ಮನೆಗೆ ಹೋದಳು. ಹುಡುಗಿ ಪ್ರತಿ ಬಾಗಿಲಲ್ಲೂ ಅವಳ ಬೆನ್ನ ಹಿಂದೆ ನಿಂತು, ಮಾತು ಪೂರ್ತಿಯಾಗುವವರೆಗೆ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಯ ಬಸ್ಸಿಗೆ ಹೊರಟು ನಾನು ತಿರುಗಿ ನೋಡಿದಾಗ ಅವರಿಬ್ಬರೂ ಇನ್ನೂ ಕೇರಿಯ ಕೊನೆ ಮುಟ್ಟಿರಲಿಲ್ಲ.